ಮಾತ್ರೆಯ ಲೆಕ್ಕ, ತತ್ತಿಯ ಲೆಕ್ಕ

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಶುರುವಾದದ್ದು 2015ರಲ್ಲಿ. ಒಂದರಿಂದ ಹತ್ತೊಂಬತ್ತು ವರ್ಷದವರೆಗಿನ ಎಲ್ಲರಿಗೂ 400 ಮಿಲಿಗ್ರಾಂ ಅಲ್ಬೆಂಡಜೋಲ್, ಎರಡು ವರ್ಷದೊಳಗಿನ ಕೂಸುಗಳಿಗೆ ಅರ್ಧ ಮಾತ್ರೆ ಪುಡಿ ಮಾಡಿ. ಕೃಷ್ಣೆಯ ದಂಡೆಯ ನಮ್ಮ ಐನಾಪುರದ ಅಂಗನವಾಡಿ ಕೂಸಿನಿಂದ ಹಿಡಿದು ಕಾಲೇಜು ಹುಡುಗರವರೆಗೆ ಮದ್ದು ಒಂದೇ, ಎದುರಿಗೇ ನುಂಗಿಸುವ ಕ್ರಮವೂ ಒಂದೇ. ಮೇಲಿನವರಿಗೆ ಹೋಗುವ ವರದಿಯಲ್ಲಿ ಎಷ್ಟು ಮಕ್ಕಳು ನುಂಗಿದರು ಎಂಬುದಿರುತ್ತದೆ. ಹುಳು ಹೋದವೋ ಇಲ್ಲವೋ ಎಂಬುದಿರುವುದಿಲ್ಲ. ನನ್ನ ತಕರಾರು ಇಷ್ಟೇ, ಆದರೆ ಸಣ್ಣದಲ್ಲ.

ಕಾರ್ಯಕ್ರಮವೇ ಬೇಡ ಎನ್ನುತ್ತಿಲ್ಲ. ಮಾತ್ರೆ ಅಗ್ಗ, ಅಪಾಯ ತೀರಾ ಕಡಿಮೆ. ನಮ್ಮ ಈ ಸೀಮೆಯಲ್ಲಿ ಕಬ್ಬಿನ ನೆಲ ವರ್ಷವಿಡೀ ನೀರುಂಡು ತಂಪಾಗಿರುತ್ತದೆ. ಬಯಲಿಗೆ ಹೋಗುವುದು ನಿಲ್ಲದ ಕಡೆ ಹುಳುವಿನ ತತ್ತಿ ಬದುಕಲು ಆ ನೆರಳು, ಆ ತೇವ ಸಾಕು.

ಆದರೆ ಹುಳು ಒಂದೇ ಬಗೆಯದಲ್ಲ. ಅನೇಕ ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಒಂದು ಡೋಸ್ ಅಲ್ಬೆಂಡಜೋಲಿಗೆ ದುಂಡುಹುಳು ಪೂರ್ತಿ ಹೋದವರು ನೂರಕ್ಕೆ 95ರಷ್ಟು, ಕೊಕ್ಕೆಹುಳು ಹೋದವರು 80ರ ಆಸುಪಾಸು, ಚಾಟಿಹುಳು ಹೋದವರು ಬರೀ 30ರಷ್ಟು. ಚಾಟಿಹುಳು ತನ್ನ ಸಪೂರ ಮುಂಭಾಗವನ್ನು ದೊಡ್ಡಕರುಳಿನ ಒಳಪದರದಲ್ಲಿ ಹುಗಿದುಕೊಂಡು ಕೂತಿರುತ್ತದೆ. ಯಾವ ಊರಲ್ಲಿ ಯಾವ ಹುಳು ಹೆಚ್ಚು ಎಂದು ನೋಡದೆ ಎಲ್ಲೆಡೆ ಒಂದೇ ಮಾತ್ರೆ ಹಂಚಿದರೆ, ಚಾಟಿಹುಳುವಿರುವ ಮಗುವಿಗೆ ಔಷಧಿ ಕೊಟ್ಟೆವೆಂಬ ಸಮಾಧಾನ ನಮಗಷ್ಟೇ.

ಅಳೆದು ನೋಡುವುದಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ. ಕ್ಯಾಟೊ-ಕ್ಯಾಟ್ಜ್ ವಿಧಾನದಲ್ಲಿ ಜರಡಿಯಾಡಿಸಿದ ಮಲವನ್ನು ಅಚ್ಚಿನ ತೂತಿಗೆ ತುಂಬುತ್ತಾರೆ, ಅದು 41.7 ಮಿಲಿಗ್ರಾಂ. ಗಾಜಿನ ಪಟ್ಟಿಯ ಮೇಲಿಟ್ಟು, ಗ್ಲಿಸರಿನ್‌ನಲ್ಲಿ ನೆನೆದ ಸೆಲ್ಲೋಫೇನ್ ಹೊದಿಸಿ ಒತ್ತಿ, ಸೂಕ್ಷ್ಮದರ್ಶಕದಲ್ಲಿ ಕಂಡ ತತ್ತಿಗಳನ್ನು 24ರಿಂದ ಗುಣಿಸಿದರೆ ಒಂದು ಗ್ರಾಂನ ಲೆಕ್ಕ ಸಿಗುತ್ತದೆ. ಕೊಕ್ಕೆಹುಳುವಿನ ತತ್ತಿ ಮಾತ್ರ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಗ್ಲಿಸರಿನ್‌ನಲ್ಲಿ ಮಾಯ. ಸ್ಲೈಡು ಮಾಡಿಟ್ಟು ಸಂಜೆ ನೋಡಿದವರಿಗೆ ಊರಲ್ಲಿ ಕೊಕ್ಕೆಹುಳುವೇ ಇಲ್ಲವೆನಿಸುತ್ತದೆ. ಮಾತ್ರೆ ಕೊಟ್ಟ ಎರಡು-ಮೂರು ವಾರದೊಳಗೆ ಮತ್ತೆ ಎಣಿಸಬೇಕು. ತಡವಾದರೆ ಹೊಸದಾಗಿ ಅಂಟಿದ ಹುಳುವಿನ ತಪ್ಪು ಔಷಧಿಯ ತಲೆಗೆ ಬರುತ್ತದೆ.

ಕುರಿಗಳಲ್ಲಿ ಇದೇ ಗುಂಪಿನ ಔಷಧಿಗೆ ಬಗ್ಗದ ಹುಳುಗಳು ಭಾರತವೂ ಸೇರಿ ಹಲವು ದೇಶಗಳಲ್ಲಿ ಹುಟ್ಟಿಕೊಂಡಿವೆ. ಅದು ಗೊತ್ತಾದದ್ದು ಔಷಧಿ ಕುಡಿಸುವ ಮುಂಚೆ ಮತ್ತು ಆಮೇಲೆ ಹಿಕ್ಕೆಯಲ್ಲಿನ ತತ್ತಿ ಎಣಿಸಿದ್ದರಿಂದ. ನಮ್ಮ ಮಕ್ಕಳಿಗೆ ಆ ಎಣಿಕೆಯೂ ಇಲ್ಲವೆಂದರೆ ಹೇಗೆ?

ನಮ್ಮ ರಾಜ್ಯದಲ್ಲೇ ಒಳ್ಳೆಯ ಮಾದರಿ ಇದೆ. ಆನೆಕಾಲು ರೋಗಕ್ಕೆ ಐವರ್ಮೆಕ್ಟಿನ್, ಡಿಇಸಿ, ಅಲ್ಬೆಂಡಜೋಲ್ ಮೂರನ್ನೂ ಒಟ್ಟಿಗೆ ಕೊಡಬಹುದೇ ಎಂಬುದನ್ನು ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ, ಎರಡೇ ಔಷಧಿ ಪಡೆದವರೊಂದಿಗೆ ಹೋಲಿಸಿ ಪರೀಕ್ಷಿಸಿದರು. ನುಂಗಿದವರನ್ನು ಮತ್ತೆ ಕಂಡು ಅಡ್ಡಪರಿಣಾಮ ವಿಚಾರಿಸಿದರು. ಅಂಥ ಶ್ರದ್ಧೆ ಜಂತುಹುಳುವಿಗೂ ಸಲ್ಲಬೇಕು.

ನಮ್ಮ ಐನಾಪುರದ ಭಾಗದ ಬಗ್ಗೆ ಇನ್ನೊಂದು ಮಾತು. ಮಾತ್ರೆ ಹಂಚುವ ಫೆಬ್ರವರಿ 10ರ ಸುತ್ತಿನ ಹೊತ್ತಿಗೆ ಕಬ್ಬು ಕಡಿಯುವ ಹಂಗಾಮು ಇನ್ನೂ ಮುಗಿದಿರುವುದಿಲ್ಲ. ಮಹಾರಾಷ್ಟ್ರದಿಂದ ಬಂದ ಗ್ಯಾಂಗಿನವರ ಮಕ್ಕಳು ಹೊಲದಂಚಿನ ಗುಡಿಸಲುಗಳಲ್ಲಿರುತ್ತಾರೆ, ಇಲ್ಲಿನ ಶಾಲೆಯ ಹಾಜರಿಯಲ್ಲಿ ಅವರ ಹೆಸರಿರುವುದಿಲ್ಲ. ಶಾಲೆಗೆ ಹೋಗದ ಮಕ್ಕಳಿಗೂ ಅಂಗನವಾಡಿಯಲ್ಲಿ ಮಾತ್ರೆ ಕೊಡಬೇಕೆಂಬ ನಿಯಮವೇನೋ ಇದೆ. ತತ್ತಿ ಎಣಿಸುವ ಕೆಲಸಕ್ಕೆ ಕೈಹಚ್ಚುವುದಾದರೆ ಈ ಮಕ್ಕಳನ್ನು ಮೊದಲು ಸೇರಿಸಿಕೊಳ್ಳಬೇಕು. ಎರಡನೇ ಸ್ಯಾಂಪಲ್ ಮೂರು ವಾರದೊಳಗೆ ಸಿಗದಿದ್ದರೆ ಕಾರ್ಖಾನೆ ಬಂದಾಗಿ ಅವರು ಊರ ದಾರಿ ಹಿಡಿದಿರುತ್ತಾರೆ.