ಧೈರ್ಯ ಹೇಳುವವರು, ದಾರಿ ಮಾಡುವವರು

ಫೆಬ್ರುವರಿಯಲ್ಲಿ ಅಂಕೋಲೆ-ಕಾರವಾರದ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತಕ್ಕಿಂತ ಮೊದಲೇ ಭಾಷಣಗಳ ಸುಗ್ಗಿ. 11ಕ್ಕೆ ವಿಜ್ಞಾನದಲ್ಲಿರುವ ಮಹಿಳೆಯರ ದಿನ, 28ಕ್ಕೆ ರಾಷ್ಟ್ರೀಯ ವಿಜ್ಞಾನ ದಿನ. ಕಲ್ಪನಾ ಚಾವ್ಲಾ ಹೆಸರು, ‘ಹಿಂಜರಿಕೆ ಬಿಡಿ, ಧೈರ್ಯ ಮಾಡಿ’ ಎಂಬ ಬುದ್ಧಿಮಾತು, ಕೊನೆಗೆ ವಂದನಾರ್ಪಣೆ. ಈ ಪದ್ಧತಿಯ ಬುಡದಲ್ಲೇ ನನಗೆ ತಕರಾರಿದೆ. ಕೊರತೆ ಇರುವುದು ಹುಡುಗಿಯರ ಮನಸ್ಸಿನಲ್ಲಿ ಎಂದು ಅದು ಮೊದಲೇ ತೀರ್ಪು ಕೊಟ್ಟುಬಿಡುತ್ತದೆ.

2024ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯದ ಹುಡುಗಿಯರು ಶೇ. 81ರಷ್ಟು ಪಾಸಾದರು, ಹುಡುಗರು ಶೇ. 66ರ ಆಸುಪಾಸು. ದೇಶದಲ್ಲಿ ವಿಜ್ಞಾನ, ತಂತ್ರಜ್ಞಾನ ಓದುವವರಲ್ಲಿ ಶೇ. 40ಕ್ಕೂ ಹೆಚ್ಚು ಹೆಣ್ಣುಮಕ್ಕಳು. ಸಂಶೋಧನೆಯ ಕೆಲಸದಲ್ಲಿ ಉಳಿಯುವವರು ಐದರಲ್ಲಿ ಒಂದು ಪಾಲೂ ಇಲ್ಲ. ಹಂಬಲಕ್ಕೆ ಬರವಿಲ್ಲ, ಅವರು ಕಳೆದುಹೋಗುತ್ತಿರುವುದು ದಾರಿಯಲ್ಲಿ.

ಚುಟುಕದ ಕವಿ ದಿನಕರ ದೇಸಾಯಿಯವರಿಗೆ ಇದು ಗೊತ್ತಿತ್ತು. 1953ರಲ್ಲಿ ಅವರು ಕಟ್ಟಿದ ಕೆನರಾ ವೆಲ್ಫೇರ್ ಟ್ರಸ್ಟ್ ಉತ್ತರ ಕನ್ನಡ ಜಿಲ್ಲೆಯ ಹಳ್ಳಿಗಳಿಗೆ ಹೈಸ್ಕೂಲು ತಂದಿತು, 1966ರಲ್ಲಿ ಅಂಕೋಲೆಗೆ ಗೋಖಲೆ ಸೆಂಟಿನರಿ ಕಾಲೇಜು. ಚುಟುಕದಲ್ಲಿದ್ದಂತೆ ಪ್ರೋತ್ಸಾಹದಲ್ಲೂ ಅವರು ಮಾತು ಬೆಳೆಸಲಿಲ್ಲ, ಶಾಲೆಯನ್ನೇ ಮನೆಯ ಹತ್ತಿರ ತಂದರು. ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ 2023ರ ಶಕ್ತಿ ಯೋಜನೆಯನ್ನು ಯಾರೂ ವಿಜ್ಞಾನ ನೀತಿ ಎನ್ನಲಿಲ್ಲ. ಆದರೂ ಅಂಕೋಲೆಯ ಹುಡುಗಿಗೆ ಮೂವತ್ತು-ಮೂವತ್ತೈದು ಕಿ.ಮೀ. ಆಚೆಯ ಕಾರವಾರದ ಕಾಲೇಜನ್ನು ಹತ್ತಿರ ಮಾಡುವುದರಲ್ಲಿ ಹತ್ತು ಭಾಷಣಕ್ಕಿಂತ ಟಿಕೆಟ್ ದುಡ್ಡಿಲ್ಲದ ಬಸ್ಸೇ ವಾಸಿ. ಕಾಲೇಜು ಸೇರಿದ ಮೇಲೂ ದೂರ ಪೂರ್ತಿ ಮುಗಿಯುವುದಿಲ್ಲ ಅನ್ನಿ. ಪ್ರಾಕ್ಟಿಕಲ್‌ನಲ್ಲಿ ಬ್ಯೂರೆಟ್ ಹಿಡಿಯುವವನು ಹುಡುಗ, ಅಕ್ಷರ ಚೆಂದ ಎಂಬ ನೆಪಕ್ಕೆ ರೀಡಿಂಗ್ ಬರೆದುಕೊಳ್ಳುವವಳು ಹುಡುಗಿ. ಇದು ಅಪರೂಪದ ದೃಶ್ಯವೇನಲ್ಲ.

ತುಳಸಿ ಗೌಡರನ್ನು ನಾವು ನಡೆಸಿಕೊಂಡ ರೀತಿ ಇದಕ್ಕಿಂತ ದೊಡ್ಡ ಎಡವಟ್ಟು. 2024ರ ಡಿಸೆಂಬರಿನಲ್ಲಿ ತೀರಿಕೊಂಡ ಹೊನ್ನಳ್ಳಿಯ ಈ ಹಾಲಕ್ಕಿ ಅಜ್ಜಿಯ ಬಗ್ಗೆ ವೇದಿಕೆಗಳು ಹೇಳುವುದೇನು? ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಂದರು, ಎಷ್ಟು ಸರಳ ಎಂದು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದ ಅವರಿಗೆ ಯಾವ ಜಾತಿಯ ತಾಯಿಮರ ಕಾಡಿನಲ್ಲಿ ಎಲ್ಲಿದೆ, ಅದರ ಬೀಜ ಯಾವಾಗ ಆಯಬೇಕು, ಹೇಗೆ ಮೊಳೆಸಬೇಕು ಎಂಬುದೆಲ್ಲ ಕರತಲಾಮಲಕ. ತಾಯಿಮರ ಆರಿಸುವುದೆಂದರೆ ಒಳ್ಳೆಯ ತಳಿಗುಣ ಆರಿಸುವುದು. ಪಿಯು ಸಸ್ಯಶಾಸ್ತ್ರಕ್ಕೆ ಒಂದು ಇಡೀ ಪಾಠವಾಗುವಷ್ಟು ಸರಕು ಅದು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸನ್ನು ತ್ಯಾಗಮೂರ್ತಿ ಎನ್ನುವುದು ಸುಲಭ, ತಜ್ಞೆ ಎನ್ನಲು ನಾಲಿಗೆ ಹೊರಳುವುದಿಲ್ಲ. ಎದುರು ಕೂತ ಹುಡುಗಿ ಕಲಿಯುವುದೂ ಅದನ್ನೇ: ತನ್ನ ಅಜ್ಜಿಗೆ ಗೊತ್ತಿರುವುದು ವಿಜ್ಞಾನವಲ್ಲ, ವಿಜ್ಞಾನ ಬೆಂಗಳೂರಿನಲ್ಲಿದೆ.

ಹಾಗೆ ನೋಡಿದರೆ ಕಾರವಾರಕ್ಕೇನು ಕಡಿಮೆ? ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣು ಘಟಕ, ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ. ಶಾಲಾ ಪ್ರವಾಸದಲ್ಲಿ ಒಂದು ಸುತ್ತು ಹಾಕಿ ಗ್ರೂಪ್ ಫೋಟೋ ತೆಗೆಸಿಕೊಂಡರೆ ಇವು ಹತ್ತಿರವಾಗುವುದಿಲ್ಲ. ಬಂಗಡೆಯ ಹೊಟ್ಟೆ ಸೀಳಿ ಅದು ತಿಂದದ್ದೇನೆಂದು ಸೂಕ್ಷ್ಮದರ್ಶಕದಲ್ಲಿ ನೋಡಲು ಮೀನುಗಾರರ ಮನೆಯ ಹುಡುಗಿಗೆ ಒಂದು ತಿಂಗಳು ಆ ವಿಭಾಗದಲ್ಲಿ ಜಾಗ ಸಿಗಬೇಕು. ಕಲಿಯುವ ಜಾಗ ಲ್ಯಾಬಿನ ಹೊರಗೂ ಇದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತರು. ಸುತ್ತಲಿನ ಹೈಸ್ಕೂಲುಗಳಿಗೆ ಮಳೆಮಾಪಕ ಕೊಡಿ, ಗುಡ್ಡದ ಇಳಿಜಾರು ಅಳೆಯುವುದನ್ನು ಕಲಿಸಿ. ಅಳೆಯುವ ಕೆಲಸ ಹುಡುಗಿಯರು ಮಾಡಲಿ. ಪಟ್ಟಿ ಬರೆದುಕೊಳ್ಳಲು ಹುಡುಗರಿದ್ದಾರೆ.