ಅಕಾಡಿಯರ ವಂಶಾವಳಿ ಮತ್ತು ಆಪ್ತವಾಕ್ಯದ ವಿಚಾರ

ಇಂಗ್ಲಿಷ್ ಕಾವ್ಯವನ್ನು ಓದಿದವರಿಗೆ ಅಕಾಡಿಯವೆಂಬ ಹೆಸರು ಪರಿಚಿತವಾಗಿರುವುದು ಲಾಂಗ್‌ಫೆಲೊ ಕವಿಯ 'ಇವಾಂಜೆಲಿನ್' ಎಂಬ ಕೃತಿಯಿಂದ. 1847ರಲ್ಲಿ ಪ್ರಕಟವಾದ ಆ ಕಾವ್ಯದ ನಾಯಿಕೆ ಕವಿಕಲ್ಪಿತೆ. ಆಕೆಯ ಊರಾದ ಗ್ರಾಂಪ್ರೆಯನ್ನು ಕವಿಯು ಕಣ್ಣಾರೆ ಕಂಡವನೂ ಅಲ್ಲ. ಅದರಿಂದ ಕಾವ್ಯಕ್ಕೇನೂ ಕುಂದಿಲ್ಲ. ನಾಯಿಕೆಗೆ ವಂಶಾವಳಿ ಇಲ್ಲದಿದ್ದರೂ ರಸಕ್ಕೆ ಹಾನಿಯಿಲ್ಲ. ಆದರೆ ಆ ನಾಡಿನಿಂದ ನಿಜವಾಗಿಯೂ ಹೊರದೂಡಲ್ಪಟ್ಟವರ ಸಂತತಿಯವರು ಲಕ್ಷಾಂತರ ಮಂದಿ ಇದ್ದಾರೆ. ಅವರಿಗೆ ಕಲ್ಪಿತ ನಾಯಿಕೆಯೊಬ್ಬಳಿಂದ ತೃಪ್ತಿಯಾಗುವುದೆಂತು? ತಮ್ಮ ಮೂಲಪುರುಷನಾರು, ಮೂಲಮಾತೆಯಾರು, ಅವರು ಯಾವ ಊರಿನಿಂದ ಬಂದರು ಎಂದು ಅವರು ಕೇಳುತ್ತಲೇ ಬಂದಿದ್ದಾರೆ. ಈ ಪ್ರಶ್ನೆಗೆ ಪ್ರಮಾಣಪೂರ್ವಕವಾಗಿ ಉತ್ತರ ಹೇಳಲು ಹೊರಟ ಗ್ರಂಥಗಳಲ್ಲಿ ಅಗ್ರಗಣ್ಯವಾದುದು ಸ್ಟೀಫನ್ ವೈಟ್ ಅವರು ಫ್ರೆಂಚ್ ಭಾಷೆಯಲ್ಲಿ ರಚಿಸಿದ 'ಅಕಾಡಿಯ ಕುಟುಂಬಗಳ ವಂಶಾವಳಿ ನಿಘಂಟು'. ಕೆನಡಾ ದೇಶದ ಮಾಂಕ್ಟನ್ ವಿಶ್ವವಿದ್ಯಾಲಯದಿಂದ 1999ರಲ್ಲಿ ಎರಡು ಸಂಪುಟಗಳಲ್ಲಿ ಹೊರಬಂದ ಇದರ ಪ್ರಥಮ ಭಾಗವು 1636ರಿಂದ 1714ರವರೆಗಿನ ಕಾಲವನ್ನು ಒಳಗೊಂಡಿದೆ.

ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಈಗಿನ ನೋವಾಸ್ಕೋಷಿಯಾ ಪ್ರಾಂತದ ಪೋರ್ಟ್ ರಾಯಲ್ ಎಂಬಲ್ಲಿ ಫ್ರೆಂಚರು 1605ರಲ್ಲಿಯೇ ಕೋಟೆ ಕಟ್ಟಿದರು. 1613ರಲ್ಲಿ ಇಂಗ್ಲಿಷರು ಅದನ್ನು ಸುಟ್ಟರು. ಸಂಸಾರಸ್ಥರು ಬಂದು ನೆಲೆಸಿದ್ದು 1632ರ ಅನಂತರ. 1636ರಲ್ಲಿ ಲಾ ರೋಶೆಲ್ ಬಂದರಿನಿಂದ ಹೊರಟ 'ಸೇಂ ಜೆಹಾಂ' ಎಂಬ ಹಡಗಿನ ಪ್ರಯಾಣಿಕರ ಪಟ್ಟಿಯೊಂದು ಉಳಿದುಬಂದಿದೆ. ಅದರಲ್ಲಿ ಹೆಂಡಿರು ಮಕ್ಕಳೊಡನೆ ಹೊರಟ ಕೆಲವರ ಹೆಸರುಗಳು ದೊರೆಯುತ್ತವೆ. ನಿಘಂಟಿನ ಕಾಲಾವಧಿಯು ಆ ವರ್ಷದಿಂದಲೇ ಮೊದಲಾಗುವುದು ಸಹಜವಾಗಿದೆ. 1713ರ ಯೂಟ್ರೆಕ್ಟ್ ಒಪ್ಪಂದದಿಂದ ನಾಡು ಬ್ರಿಟಿಷರ ಪಾಲಾಯಿತು. 1755ರ ಸೆಪ್ಟೆಂಬರ್ 5ನೆಯ ತಾರೀಖು ಗ್ರಾಂಪ್ರೆಯ ಗಂಡಸರನ್ನೆಲ್ಲ ಅವರದೇ ಇಗರ್ಜಿಗೆ ಕರೆಸಿ, ಅವರ ಹೊಲಮನೆಗಳೂ ದನಕರುಗಳೂ ರಾಜನ ಸ್ವತ್ತಾದುವೆಂದೂ ಅವರನ್ನು ನಾಡಿನಿಂದ ಸಾಗಿಸಲಾಗುವುದೆಂದೂ ಓದಿ ಹೇಳಿದರು. ಮುಂದಿನ ಎಂಟು ವರ್ಷಗಳಲ್ಲಿ ಸುಮಾರು ಹತ್ತು ಸಾವಿರ ಜನ ಹಡಗುಗಳಲ್ಲಿ ಚದರಿಹೋದರು.

ಇಂಥ ಜನಾಂಗದ ವಂಶವನ್ನು ಶೋಧಿಸುವವನಿಗೆ ಸಾಮಗ್ರಿ ಎಲ್ಲಿಂದ ಬರಬೇಕು? ಪೋರ್ಟ್ ರಾಯಲಿನ ಇಗರ್ಜಿಯ ಜನನ, ವಿವಾಹ, ಮರಣಗಳ ದಾಖಲೆ ಉಳಿದಿರುವುದು 1702ರಿಂದ ಈಚಿನದು ಮಾತ್ರ. ಗ್ರಾಂಪ್ರೆಯ ಪುಸ್ತಕಗಳು 1707ರಿಂದ 1748ರವರೆಗಿನವು. ಇವು ಗಡೀಪಾರಾದ ಜನರೊಡನೆಯೇ ದೇಶಾಂತರ ಹೋಗಿ ಕೊನೆಗೆ ಲೂಯಿಸಿಯಾನಾವನ್ನು ಸೇರಿದುವು. ಹೊಲವನ್ನೂ ದನವನ್ನೂ ಬಿಟ್ಟು ಹೊರಟವರ ಗಂಟಿನಲ್ಲಿ ಹೆಸರುಗಳ ಪುಸ್ತಕಕ್ಕೆ ಎಡೆಯಿದ್ದಿತೆಂಬುದನ್ನು ಗಮನಿಸಬೇಕು. ಮೊದಲ ಎರಡು ತಲೆಮಾರುಗಳ ವಿಷಯದಲ್ಲಿ ಮಾತ್ರ ಜನಗಣತಿಯೇ ಮುಖ್ಯ ಆಧಾರ.

ಆ ಗಣತಿಗಳಲ್ಲಿ ಮೊದಲನೆಯದು 1671ರದು. ಅದನ್ನು ತೆಗೆದವನು ಮೊಲಾಂ ಎಂಬ ಪಾದ್ರಿ. ಅಂದು ನಾಡಿನಲ್ಲಿದ್ದವರು ಒಟ್ಟು ಸುಮಾರು ನಾನೂರು ಜನ. ಪ್ರತಿಯೊಬ್ಬ ಗೃಹಸ್ಥನ ಕಸುಬು, ವಯಸ್ಸು, ಹೆಂಡತಿಯ ತವರು ಮನೆತನದ ಹೆಸರು, ಮಕ್ಕಳು, ದನ, ಕುರಿ, ನೆಲ ಎಲ್ಲವನ್ನೂ ಬರೆದಿಟ್ಟಿದ್ದಾನೆ. ಹೆಂಗಸರ ತವರಿನ ಹೆಸರನ್ನು ಬಿಡದೆ ಬರೆದುದರಿಂದ ಆ ಪಾದ್ರಿಗೆ ಇಡೀ ಜನಾಂಗವೇ ಋಣಿಯಾಗಿದೆ. ಝಾಂ ಗೋದೆ ಎಂಬ ಮುದುಕನಿಗೆ 96 ವರ್ಷವೆಂದೂ ಅವನ ಹೆಂಡತಿ ನಿಕೋಲ್ ಕೊಲೆಸೋಂಗೆ 64 ವರ್ಷವೆಂದೂ ಅಲ್ಲಿ ಕಾಣುತ್ತದೆ. ಎಲ್ಲರೂ ಹೀಗೆ ಸುಲಭವಾಗಿ ಉತ್ತರ ಕೊಡಲಿಲ್ಲ. ಪೀಪಾಯಿ ಮಾಡುವ ಪಿಯೇರ್ ಲಾನೂ ಎಂಬವನ ವಯಸ್ಸನ್ನು ಕೇಳಿದಾಗ, ತಾನು ಸೌಖ್ಯವಾಗಿದ್ದೇನೆ, ವಯಸ್ಸನ್ನು ಮಾತ್ರ ಹೇಳಲೊಲ್ಲೆ ಎಂದನಂತೆ. ಎತಿಯೆನ್ ರೋಬಿಶೋ ಎಂಬ ಒಕ್ಕಲಿಗನು ಪಾದ್ರಿಯ ಮುಖವನ್ನೇ ನೋಡದೆ ಮನೆಯಿಂದ ಹೊರಟುಹೋಗಿ, ದನ ನೆಲಗಳ ಲೆಕ್ಕ ಕೊಡುವುದಿಲ್ಲವೆಂದು ಹೆಂಡತಿಯ ಬಾಯಿಂದ ಹೇಳಿಸಿದನು. ದರ್ಜಿ ಪಿಯೇರ್ ಮೆಲಾನ್ಸೋನನ ಹೆಂಡತಿಯಂತೂ, ಇಂಥ ವಿಷಯಕ್ಕಾಗಿ ಬೀದಿ ಬೀದಿ ಅಲೆಯುವಷ್ಟು ಹುಚ್ಚೇ ನಿನಗೆ ಎಂದು ಪಾದ್ರಿಯನ್ನೇ ಕೇಳಿಬಿಟ್ಟಳು. ಪಾದ್ರಿಯು ಇದನ್ನೂ ಮುಚ್ಚಿಡದೆ ಗಣತಿಯಲ್ಲಿ ಬರೆದಿದ್ದಾನೆ. ಕರದ ಭಯವೋ, ಅಧಿಕಾರಿಗಳ ಮೇಲಿನ ಅಪನಂಬಿಕೆಯೋ, ಕಾರಣ ಯಾವುದಾದರೂ ಆಗಲಿ, ಒಣ ಪಟ್ಟಿಯೊಂದರಲ್ಲಿ ಮೂರು ಜೀವಂತ ಕಂಠಗಳು ಕೇಳಿಬರುತ್ತವೆ. ಲಾಂಗ್‌ಫೆಲೊವಿನ ಇಡೀ ಕಾವ್ಯದಲ್ಲಿ ಇವಕ್ಕೆ ಸಮನಾದ ಒಂದು ಮಾತೂ ಇಲ್ಲ.

ಎರಡನೆಯ ಮುಖ್ಯ ಆಧಾರವು ತೀರ ಬೇರೆ ಬಗೆಯದು. ಗಡೀಪಾರಾದವರಲ್ಲಿ ಒಂದು ಪಂಗಡದವರು ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದು, 1763ರಲ್ಲಿ ಬಿಡುಗಡೆಯಾಗಿ ಫ್ರಾನ್ಸಿಗೆ ಬಂದರು. ಅವರಲ್ಲಿ 78 ಕುಟುಂಬಗಳನ್ನು 1765ರಲ್ಲಿ ಬ್ರಿಟನಿ ತೀರದ ಬೆಲ್ ಈಲ್ ದ್ವೀಪದಲ್ಲಿ ನೆಲೆಗೊಳಿಸಲಾಯಿತು. ಅವರ ಹುಟ್ಟು ಮದುವೆಗಳಿಗೆ ಲಿಖಿತ ಸಾಕ್ಷ್ಯವಿಲ್ಲದುದರಿಂದ, 1767ರಲ್ಲಿ ನ್ಯಾಯಸ್ಥಾನದ ಆಜ್ಞೆಯಂತೆ ಪ್ರತಿ ಮನೆಯ ಯಜಮಾನನಿಂದಲೂ ಪ್ರಮಾಣ ಮಾಡಿಸಿ ವಂಶದ ಹೇಳಿಕೆಯನ್ನು ಬರೆಸಿಕೊಂಡರು. ಅಕಾಡಿಯದಲ್ಲಿ ಬಹುಕಾಲವಿದ್ದ ಲ ಲೂತ್ರ್ ಪಾದ್ರಿಯು ಈ ಕಾರ್ಯದಲ್ಲಿ ಜೊತೆಗಿದ್ದನು. ಮುತ್ತಜ್ಜನವರೆಗೆ, ಕೆಲವೊಮ್ಮೆ ಅದಕ್ಕೂ ಹಿಂದಕ್ಕೆ, ಹೆಸರು ಹೆಸರಾಗಿ ಅವರು ನೆನಪಿನಿಂದಲೇ ಹೇಳಿದರು. ಹಳ್ಳಿಯ ಒಕ್ಕಲು ಮಕ್ಕಳು ಸೆರೆ, ಹಡಗು, ಸಿಡುಬುಗಳನ್ನು ದಾಟಿಬಂದು ಇಷ್ಟನ್ನು ನೆನಪಿಟ್ಟಿದ್ದರೆಂಬುದು ಸಾಮಾನ್ಯವಲ್ಲ.

ಆದರೆ ಇವರ ಮಾತು ಆಪ್ತವಾಕ್ಯವೆ? ಕಂಡದ್ದನ್ನು ಕಂಡಂತೆಯೇ ತಿಳಿಸುವ ಇಚ್ಛೆಯುಳ್ಳವನು ಆಪ್ತನೆಂದು ವಾತ್ಸ್ಯಾಯನರ ಲಕ್ಷಣ. ಬೆಲ್ ಈಲಿನವರಿಗೆ ಇಚ್ಛೆಯಿದ್ದಿತು. ಮೂಲಪುರುಷನನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ. ಆದುದರಿಂದ ಇದು ಶಾಸ್ತ್ರಕಾರರು ಐತಿಹ್ಯವೆಂದು ಕರೆದ ವರ್ಗಕ್ಕೆ ಸೇರುತ್ತದೆ. ವೈಟ್ ಅವರು ಈ ಶಬ್ದಗಳನ್ನು ಬಲ್ಲವರಲ್ಲದಿದ್ದರೂ ಈ ವಿವೇಕವನ್ನು ಬಲ್ಲರೆಂಬುದಕ್ಕೆ ಬ್ಲಾಂಶಾರ್ ಮನೆತನದ ಪ್ರಕರಣವೇ ಸಾಕ್ಷಿ.

ಝಾಂ ಬ್ಲಾಂಶಾರನು ಗಿಯ್ಮೆತ್ ಲಾಂಬೇರ್ ಎಂಬ ಹೆಂಡತಿಯೊಡನೆ ಫ್ರಾನ್ಸಿನಿಂದ ಬಂದನೆಂದು ಬೆಲ್ ಈಲಿನ ಹೇಳಿಕೆಯಲ್ಲಿದೆ. 1671ರ ಗಣತಿಯಲ್ಲಿಯೋ ಅವನ ಹೆಂಡತಿ ರಾದೆಗೊಂಡ್ ಲಾಂಬೇರ್. 1686ರ ಗಣತಿಯಲ್ಲಿಯೂ ಆಕೆಯೇ. ಇಬ್ಬರು ಹೆಂಡಿರಿದ್ದರೆಂದು ಊಹಿಸುವುದು ಸುಲಭ. ಹಾಗೆ ಊಹಿಸಿದವರೂ ಉಂಟು. ಇನ್ನು ಕೆಲವರು ಹೇಳಿಕೆಯನ್ನು ಪೂರ್ಣವಾಗಿ ತಳ್ಳಿಹಾಕಿ, ರಾದೆಗೊಂಡಳು ಆ ನಾಡಿನ ಮೂಲನಿವಾಸಿಗಳಾದ ಮಿಕ್‌ಮಾಕ್ ಜನರ ಹೆಣ್ಣಿನಲ್ಲಿ ಹುಟ್ಟಿದವಳೆಂದರು. ವೈಟ್ ಅವರು ಹೆಸರಿನ ವಿಷಯದಲ್ಲಿ ಗಣತಿಯನ್ನೇ ಹಿಡಿದು, ಹೇಳಿದವನು ಮರೆತು ತಪ್ಪಿದನೆಂದು ನಿರ್ಣಯಿಸಿದ್ದಾರೆ. ಈ ನಿರ್ಣಯವು ಸಮಂಜಸವಾದುದು. ಗಣತಿಯಾದರೂ ಸರ್ವಜ್ಞವೇನಲ್ಲ, 1671ರಲ್ಲಿ 42 ವರ್ಷದವಳಾಗಿದ್ದ ರಾದೆಗೊಂಡಳು 1686ರಲ್ಲಿ 65 ವರ್ಷದವಳಾಗಿದ್ದಾಳೆ, ಅಂದರೆ ಹದಿನೈದು ವರ್ಷಗಳಲ್ಲಿ ಇಪ್ಪತ್ತಮೂರು ವರ್ಷ ಮುದುಕಿಯಾಗಿದ್ದಾಳೆ. ಆದರೂ ಎದುರಿಗೆ ನಿಂತ ಹೆಂಗಸಿನ ಹೆಸರನ್ನು ಬರೆದವನ ಮಾತು, ಕಾಣದ ಅಜ್ಜಿಯ ಹೆಸರನ್ನು ಎಂಬತ್ತು ವರ್ಷಗಳಾಚೆಯಿಂದ ನೆನೆದವನ ಮಾತಿಗಿಂತ ಪ್ರಬಲವೇ ಸರಿ.

ಹೀಗೆಂದ ಮಾತ್ರಕ್ಕೆ ಹೇಳಿಕೆಯ ಉಳಿದರ್ಧವೂ ಸುಳ್ಳಾಗುವುದಿಲ್ಲ. ತಾಯಿಯಿಂದ ಮಕ್ಕಳಿಗೆ ಮಾತ್ರ ಇಳಿದುಬರುವ ಡಿ.ಎನ್.ಎ. ಅಂಶವನ್ನು ರಾದೆಗೊಂಡಳ ಹೆಣ್ಣುಸಂತತಿಯವರಲ್ಲಿ ಈಚೆಗೆ ಪರೀಕ್ಷಿಸಿದಾಗ, ಅದು ಯೂರೋಪಿನ ಬಗೆಯದೆಂದು ತಿಳಿದುಬಂದಿದೆ. ಒಂದೇ ವಾಕ್ಯದಲ್ಲಿ ಹೆಸರು ತಪ್ಪಿದವನು ಮೂಲದ ವಿಷಯದಲ್ಲಿ ತಪ್ಪಿರಲಿಲ್ಲ. ಮನೆಗಳಲ್ಲಿ ಉಳಿಯುವ ನೆನಪಿನ ಸ್ವಭಾವವೇ ಹೀಗೆ: ಅಜ್ಜಿಯ ಹೆಸರು ಅಳಿಸಿಹೋಗಿದ್ದರೂ ಅವಳು ಹಡಗು ಹತ್ತಿ ಬಂದವಳೆಂಬುದು ಅಳಿಸಿರುವುದಿಲ್ಲ. ಸಾಕ್ಷ್ಯವನ್ನು ಇಡಿಯಾಗಿ ಸ್ವೀಕರಿಸುವುದೂ ಇಡಿಯಾಗಿ ತಿರಸ್ಕರಿಸುವುದೂ ಎರಡೂ ಆಲಸ್ಯದ ಲಕ್ಷಣಗಳು. ಪದಪದವಾಗಿ ಬಿಡಿಸಿ ತೂಗುವುದೇ ವಂಶಾವಳಿಕಾರನ ಕೆಲಸ.

ಇದಕ್ಕೆ ಮುಂಚೆ ಜನರ ಕೈಯಲ್ಲಿ ಹೆಚ್ಚಾಗಿ ಓಡಾಡುತ್ತಿದ್ದುದು ಬೋನಾ ಆರ್ಸೆನೋ ಅವರ ಗ್ರಂಥ. 1965ರಲ್ಲಿ ಮೊದಲು ಬಂದು 1978ರಲ್ಲಿ ಆರು ಸಂಪುಟಗಳಾಗಿ ಬೆಳೆದ ಅದು ಅಸಂಖ್ಯ ಮನೆಗಳಿಗೆ ತಮ್ಮ ಪೂರ್ವಿಕರ ಹೆಸರನ್ನು ಮುಟ್ಟಿಸಿತು. ಆ ಉಪಕಾರವನ್ನು ಮರೆಯಲಾಗದು. ಆದರೆ ಯಾವ ಮಾತು ಯಾವ ದಾಖಲೆಯಿಂದ ಬಂದಿತೆಂಬುದನ್ನು ಅಲ್ಲಿ ಹುಡುಕುವುದು ಕಷ್ಟ, ತಪ್ಪುಗಳೂ ಬಹಳ. ವೈಟ್ ಅವರ ನಿಘಂಟಿನಲ್ಲಿ ಪ್ರತಿ ತಾರೀಖಿನ ಬೆನ್ನಿಗೂ ಅದರ ಆಧಾರವಿದೆ. ಆಧಾರ ಸಿಕ್ಕದೆಡೆ ಸ್ಥಳ ಬರಿದಾಗಿದೆ. ಇಗರ್ಜಿಯ ವಿವಾಹ ದಾಖಲೆಗಳಲ್ಲಿ ಬರುವ ರಕ್ತಸಂಬಂಧದ ವಿನಾಯಿತಿಗಳನ್ನು ಅವರು ಉಪಯೋಗಿಸಿರುವ ರೀತಿಯಂತೂ ಪ್ರಶಂಸನೀಯ. ವಧೂವರರು ಮೂರನೆಯ ತಲೆಯ ಬಂಧುಗಳೆಂದು ವಿನಾಯಿತಿ ಪಡೆದಿದ್ದರೆ ಮುತ್ತಜ್ಜನಲ್ಲಿ ಅವರ ವಂಶಗಳು ಕೂಡಲೇಬೇಕು. ಸಾಪಿಂಡ್ಯದ ಎಣಿಕೆಯನ್ನು ಬಲ್ಲ ವಾಚಕರಿಗೆ ಈ ತರ್ಕ ಕೂಡಲೆ ತಿಳಿಯುತ್ತದೆ. ಮದುವೆಯನ್ನು ತಡೆಯಲು ಹುಟ್ಟಿದ ನಿಷೇಧವು ಕಳೆದುಹೋದ ಅಜ್ಜನನ್ನು ಹುಡುಕಿಕೊಡುವ ಲಿಂಗವಾಗಿ ಪರಿಣಮಿಸಿದೆ.

ಮೂಲಸ್ಥಾನದ ವಿಷಯದಲ್ಲಿಯೂ ಇದೇ ಸಂಯಮ ಕಾಣುತ್ತದೆ. ಜೆನ್‌ವಿಯೇವ್ ಮಾಸಿನ್ಯೋಂ ಎಂಬ ವಿದುಷಿಯು 1962ರಲ್ಲಿ ಪ್ರಕಟಿಸಿದ ಅಕಾಡಿಯದ ಆಡುಮಾತುಗಳ ಗ್ರಂಥದಲ್ಲಿ, ಅಧಿಪತಿ ದೋನೆಯ ಮನೆತನದ ಜಹಗೀರಿಯಿದ್ದ ಲೂಡನ್ ಪ್ರದೇಶದ ಲಾ ಶೋಸೆ ಮೊದಲಾದ ಹಳ್ಳಿಗಳಿಂದ ಹಲವು ಕುಟುಂಬಗಳು ಬಂದಿರಬೇಕೆಂದು ವಾದಿಸಿದಳು. ಎರಡೂ ಕಡೆ ಒಂದೇ ಮನೆತನಗಳ ಹೆಸರುಗಳಿರುವುದೇ ಹೇತು. ವಾದವು ಮನೋಹರವಾಗಿದೆ. ಬ್ರನ್ ದಂಪತಿಗಳ ಮಗಳು ಆಂದ್ರೆ 1646ರಲ್ಲಿ ಲಾ ಶೋಸೆಯಲ್ಲಿಯೇ ನಾಮಕರಣ ಹೊಂದಿದಳೆಂಬುದು ದಾಖಲೆಯಿಂದ ಸಿದ್ಧವೂ ಆಗಿದೆ. ಉಳಿದ ಹಲವರ ವಿಷಯದಲ್ಲಿ ಹೆಸರಿನ ಸಾಮ್ಯವಿದೆಯೇ ಹೊರತು ವ್ಯಕ್ತಿಯ ಐಕ್ಯವು ಸಿದ್ಧವಾಗಿಲ್ಲ. ಹೊಗೆಯಂತೆ ಕಾಣುವುದೆಲ್ಲ ಹೊಗೆಯಲ್ಲ, ಮಂಜೂ ಇರಬಹುದು.

ಗ್ರಂಥದಲ್ಲಿ ಕೊರತೆಯಿಲ್ಲವೆಂದಲ್ಲ. ಬೆಲ್ ಈಲಿನವರ ನೆನಪನ್ನು ತೂಗಿದಷ್ಟು ಜಾಗರೂಕತೆಯಿಂದ ಅವರ ಪ್ರಯೋಜನವನ್ನು ತೂಗಲು ಅಲ್ಲಿ ಸ್ಥಳ ಸಿಕ್ಕಿಲ್ಲ. ಅವರು ಫ್ರೆಂಚ್ ರಾಜನಿಂದ ನೆಲವನ್ನು ಪಡೆದು ಅವನ ಪ್ರಜೆಗಳಾಗಿ ಬಾಳಬೇಕಾಗಿದ್ದವರು. ಫ್ರಾನ್ಸಿನಿಂದ ಬಂದವರೆಂಬ ಮಾತು ಅವರಿಗೆ ಹಿತವಾದುದಾಗಿತ್ತು. ಹಿತವಾದ ಮಾತು ನಿಜವಾಗಿರಬಾರದೆಂದಿಲ್ಲ, ರಾದೆಗೊಂಡಳ ವಿಷಯದಲ್ಲಿ ಹಾಗೆಯೇ ಆಯಿತು. ಲಜೆನ್ ಅಕ್ಕತಂಗಿಯರ ತಾಯಿಯ ವಂಶವೂ ಯೂರೋಪಿನದೇ ಎಂದು ಪರೀಕ್ಷೆಯಿಂದ ತಿಳಿಯಿತು. ಆದರೆ ಮಿಕ್‌ಮಾಕ್ ಹೆಣ್ಣುಮಕ್ಕಳೊಡನೆ ಮದುವೆಗಳಾದುದೂ ನಿಜ. ಕ್ಲೋದ್ ಪೆಟಿಪಾನ ಹೆಂಡತಿ ಮಾರೀ ತೆರೇಸಳು ಆ ಜನದವಳು. ರೆನೆ ರೆಂಬೋ ಎಂಬವನ ಹೆಂಡತಿಯಾದರೋ ಆನ್ ಮಾರೀ ಎಂಬ ಹೆಸರಿನಿಂದ ಮಾತ್ರ ತಿಳಿದವಳು. ಆಕೆಯ ತವರಿನ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಆಕೆಯ ಹೆಣ್ಣುಸಂತತಿಯವರಲ್ಲಿ ಅದೇ ಪರೀಕ್ಷೆಯನ್ನು ಮಾಡಿದಾಗ, ದೊರೆತದ್ದು ಅಮೇರಿಕಾ ಖಂಡದ ಮೂಲನಿವಾಸಿಗಳ ಮಾತೃವಂಶ. ಪಾದ್ರಿಯು ಎಲ್ಲ ಹೆಂಗಸರ ತವರನ್ನೂ ಕೇಳಿ ಬರೆದನು. ಕಾಗದದಲ್ಲಿ ತವರಿಲ್ಲದ ಆನ್ ಮಾರೀಯ ತವರು ಅವರೆಲ್ಲರೂ ಬಂದು ನೆಲೆಸಿದ ಆ ಖಂಡವೇ ಆಗಿದ್ದಿತು.