ಗೂಡ್ಸ್ ಗಾಡಿಯ ಬಾಡಿ ಮತ್ತು ವೆಲ್ಡಿಂಗ್ ಶಾಪಿನ ಜಾಣ್ಮೆ

ನಮ್ಮ ಊರುಗಳಲ್ಲಿ ಒಂದು ಟಾಟಾ ಏಸ್ ಇನ್ನೊಂದರಂತೆ ಇರುವುದಿಲ್ಲ. 2005ರಲ್ಲಿ ಈ ಗಾಡಿ ಮಾರುಕಟ್ಟೆಗೆ ಬಂದಾಗಿನಿಂದಲೂ ಶೋರೂಮಿನಿಂದ ಹೊರಬಿದ್ದ ಬಾಡಿ ನೇರ ಹೋಗುವುದು ವೆಲ್ಡಿಂಗ್ ಶಾಪಿಗೆ. ಟೊಮೆಟೊದವನು ಜಾಲರಿ ಎತ್ತಿಸುತ್ತಾನೆ, ಬಡಗಿ ಕ್ಯಾಬಿನ್ ಹಿಂದೆ ಸ್ಟ್ಯಾಂಡು ಕೂರಿಸುತ್ತಾನೆ, ಶಾಮಿಯಾನದವನು ಕಂಬಗಳಿಗೆ ಕೊಂಡಿ ಹಾಕಿಸುತ್ತಾನೆ. ಬೊಲೆರೊ ಪಿಕಪ್ಪಿನದೂ ಅಶೋಕ್ ಲೇಲ್ಯಾಂಡ್ ದೋಸ್ತ್‌ನದೂ ಇದೇ ಕಥೆ. ವಿನ್ಯಾಸಕಾರನ ಹೆಸರಿಲ್ಲದ, ನಕ್ಷೆಯಿಲ್ಲದ ಈ ಕೈಗೆಲಸವನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಅದರಲ್ಲಿ ಮೆಚ್ಚಬೇಕಾದದ್ದೂ ಇದೆ, ಖಂಡಿಸಬೇಕಾದದ್ದೂ ಇದೆ. ಎರಡನ್ನೂ ಒಂದೇ ‘ಜುಗಾಡ್’ ಎಂಬ ಚೀಲಕ್ಕೆ ತುಂಬಿ ನಕ್ಕು ಸುಮ್ಮನಾಗುವುದು ನನಗೆ ಸರಿ ಕಾಣುವುದಿಲ್ಲ.

ಮೊದಲು ಮೆಚ್ಚುಗೆ. ಈ ಕಲೆಯ ಅತ್ಯುತ್ತಮ ಕೃತಿ ಎಂದರೆ ಹಳೆಯ ಸೈಕಲ್ ಟ್ಯೂಬು. ಎರಡು ಬೆರಳಗಲ ಸೀಳಿ, ತುದಿಗೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿದರೆ ಟಾರ್ಪಾಲು ಕಟ್ಟಲು ಇದಕ್ಕಿಂತ ಚೆನ್ನಾದ ಸಾಧನ ಅಂಗಡಿಯಲ್ಲಿ ಸಿಗದು. ಗಾಳಿಗೆ ಟಾರ್ಪಾಲು ಎದ್ದಾಗ ಹಗ್ಗವಾದರೆ ಬಿಗಿದು ಅದರ ಅಂಚಿನ ಕಣ್ಣನ್ನೇ ಹರಿಯುತ್ತದೆ. ಟ್ಯೂಬು ಹಿಗ್ಗಿ, ಮತ್ತೆ ಎಳೆದುಕೊಳ್ಳುತ್ತದೆ. ಕಾಸಿನ ಖರ್ಚಿಲ್ಲ, ಕಿತ್ತುಹೋದರೆ ಪಂಕ್ಚರ್ ಅಂಗಡಿಯಲ್ಲಿ ಇನ್ನೊಂದು. ಆದರೆ ಇದೇ ಟ್ಯೂಬಿನಿಂದ ಫ್ರಿಜ್ಜನ್ನೋ ಗ್ಯಾಸ್ ಸಿಲಿಂಡರನ್ನೋ ಕಟ್ಟುವವರನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ. ಹಿಗ್ಗುವ ಗುಣ ಟಾರ್ಪಾಲಿಗೆ ವರ, ಸಾಮಾನಿಗೆ ಶಾಪ. ಬ್ರೇಕ್ ಒತ್ತಿದ ಗಳಿಗೆಯಲ್ಲಿ ಅದು ಹಿಗ್ಗಿ ಸಾಮಾನಿಗೆ ದಾರಿ ಬಿಡುತ್ತದೆ. ತೂಕದ ವಸ್ತುವಿಗೆ ಹಿಗ್ಗದ ಹಗ್ಗವೋ ಪಟ್ಟಿಯೋ ಬೇಕು.

ಟಾರ್ಪಾಲನ್ನು ಹೊರುವ ಕಮಾನು ಕೂಡ ಒಳ್ಳೆಯ ಕೆಲಸವೇ, ಮಾಡುವ ಕ್ರಮ ಸರಿಯಿದ್ದರೆ. ಬಾಡಿಯ ಒಳಮೂಲೆಗಳಿಗೆ ಗೇಣುದ್ದದ ದಪ್ಪ ಪೈಪಿನ ತುಂಡುಗಳನ್ನು ಬೋಲ್ಟ್ ಹಾಕಿ ನಿಲ್ಲಿಸಿ, ಅದರೊಳಗೆ ಬಗ್ಗಿಸಿದ ಜಿಐ ಪೈಪನ್ನು ಇಳಿಬಿಟ್ಟರೆ ಮಳೆಗಾಲಕ್ಕೆ ಚಾವಣಿ, ಬೇಸಿಗೆಗೆ ಖಾಲಿ ಬಾಡಿ. ಕಮಾನಿನ ನಡುಭಾಗ ಎದ್ದಿರಬೇಕು, ಇಲ್ಲವಾದರೆ ನೀರು ನಿಂತು ಟಾರ್ಪಾಲು ಜೋತುಬೀಳುತ್ತದೆ. ಹೆಚ್ಚಿನವರು ಎಡವುವುದು ಹಿಂದುಗಡೆ. ಇಳಿಬಿಟ್ಟ ಟಾರ್ಪಾಲಿನ ಅಂಚು ಹಿಂದಿನ ದೀಪ, ಪ್ರತಿಫಲಿಸುವ ಪಟ್ಟಿ, ನಂಬರ್ ಪ್ಲೇಟು ಮೂರನ್ನೂ ನುಂಗಿರುತ್ತದೆ. ರಾತ್ರಿ ಹೆದ್ದಾರಿಯಲ್ಲಿ ಹಿಂದಿನಿಂದ ಬರುವವನಿಗೆ ಅಲ್ಲೊಂದು ಗಾಡಿಯಿದೆ ಎಂಬುದೇ ತಿಳಿಯದು. ಅಂಚನ್ನು ಮಡಚಿ ಕಟ್ಟಲು ಎರಡು ಕೊಕ್ಕೆ ಸಾಕು.

ನೆಲಹಾಸಿನ ವಿಷಯದಲ್ಲಿ ಹಾಲಿನ ಊರುಗಳವರು ಉಳಿದವರಿಗಿಂತ ಮುಂದಿದ್ದಾರೆ. ಹಸುವಿನ ಕೊಟ್ಟಿಗೆಗೆಂದು ಮಾರುವ ರಬ್ಬರ್ ಮ್ಯಾಟು ಸುಮಾರು ಆರೂವರೆ ಅಡಿ ಉದ್ದ, ನಾಲ್ಕಡಿ ಅಗಲ. ಏಸ್ ಬಾಡಿಯೊಳಗೆ ಕತ್ತರಿ ಹಾಕದೆಯೇ ಕೂರುತ್ತದೆ. ಕ್ಯಾನು ಜಾರುವುದಿಲ್ಲ, ತಗಡು ಸವೆಯುವುದಿಲ್ಲ, ಸದ್ದೂ ಅಡಗುತ್ತದೆ. ಆದರೆ ಮ್ಯಾಟಿನ ಅಡಿಯಲ್ಲಿ ನಿಂತ ನೀರು ಕಣ್ಣಿಗೆ ಕಾಣದೆ ತಗಡನ್ನು ತಿನ್ನುತ್ತದೆ. ಕರಾವಳಿಯ ಮೀನಿನ ಗಾಡಿಯಾದರಂತೂ ಉಪ್ಪುನೀರು. ವಾರಕ್ಕೊಮ್ಮೆ ಎತ್ತಿ ಒಣಗಿಸುವ ತಾಳ್ಮೆ ಇಲ್ಲದವರು ಮ್ಯಾಟು ಹಾಸದಿರುವುದೇ ಲೇಸು.

ಬೈಕು ಏರಿಸುವ ಹಲಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಲ್ತುದಿಗೆ ಸರಪಳಿ ಹಾಕಿ ಬಾಡಿಗೆ ಬಿಗಿಯದ ಹಲಗೆ ಹಲಗೆಯೇ ಅಲ್ಲ. ಎಲ್‌ಇಡಿ ಮಾಲೆ, ಮೂರು ಸ್ವರದ ಹಾರ್ನುಗಳದ್ದು ಬೇರೆ ಲೋಕ, ಅವನ್ನು ಬಿಡುತ್ತೇನೆ.

ಬಡಗಿಯ ಸ್ಟ್ಯಾಂಡು ನನಗೆ ಬಹಳ ಇಷ್ಟವಾದದ್ದು. ಪ್ಲೈವುಡ್ ಹಾಳೆ ಎಂಟಡಿ, ಅಂದರೆ 2,440 ಮಿಲಿಮೀಟರ್. ಏಸ್ ಗೋಲ್ಡ್ ಮಾದರಿಯ ಬಾಡಿ 2,200. ಮಲಗಿಸಿದರೆ ಒಂಬತ್ತು ಇಂಚು ಹೊರಗೆ ಚಾಚುತ್ತದೆ, ಹಿಂದಿನ ಡೋರು ತೆರೆದೇ ಓಡಿಸಬೇಕು. ಕ್ಯಾಬಿನ್ ಬೆನ್ನಿಗೆ ಮೂರೂವರೆ ಅಡಿ ಎತ್ತರದ ಆಂಗ್ಲರ್ ಸ್ಟ್ಯಾಂಡು ನಿಲ್ಲಿಸಿ ಹಾಳೆಯ ಮುಂತುದಿಯನ್ನು ಅದಕ್ಕೊರಗಿಸಿದರೆ ಓರೆಯಾಗಿ ಇಡೀ ಹಾಳೆ ಒಳಗೇ ಅಡಗುತ್ತದೆ, ಡೋರೂ ಮುಚ್ಚುತ್ತದೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್‌ಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ನಾನು ಕಂಡಿಲ್ಲ. ಇದೇನೂ ಬರಿಯ ಚಮತ್ಕಾರವಲ್ಲ. ಬಾಡಿಯಿಂದ ಹೊರಚಾಚಿದ ಸರಕಿಗೆ ಮೋಟಾರು ವಾಹನ ಕಾಯ್ದೆಯಲ್ಲಿ 2019ರ ತಿದ್ದುಪಡಿಯ ನಂತರ 20,000 ರೂಪಾಯಿ ದಂಡವಿದೆ. ಕಬ್ಬಿಣದ ಸರಳಿಗೆ ಕೆಂಪು ಬಟ್ಟೆ ಕಟ್ಟಿದರೆ ಎಲ್ಲ ಸರಿಯಾಯಿತು ಎನ್ನುವವರು ಈ ಅಂಕಿಯನ್ನು ನೆನಪಿಡಲಿ. ಇಪ್ಪತ್ತಡಿ ಪಿವಿಸಿ ಪೈಪಿಗೆ ಮಾತ್ರ ಏಸ್ ಮೇಲೆ ಯಾವ ಸ್ಟ್ಯಾಂಡೂ ಪರಿಹಾರವಲ್ಲ. ದೊಡ್ಡ ಗಾಡಿ ಕರೆಯುವುದೊಂದೇ ದಾರಿ.

ಇನ್ನು ಜಾಲರಿ. ಬಾಡಿಯ ಒಂದಡಿ ಗೋಡೆಯ ಮೇಲೆ ಇನ್ನೂ ನಾಲ್ಕೈದು ಅಡಿ ಆಂಗ್ಲರ್ ಚೌಕಟ್ಟು ಎಬ್ಬಿಸುವ ಈ ರೂಢಿಯ ಮೇಲೇ ನನ್ನ ದೊಡ್ಡ ತಕರಾರು. ಲೆಕ್ಕ ನೋಡಿ. 54 ಸೆಂಟಿಮೀಟರ್ ಉದ್ದ, 36 ಅಗಲ, 29 ಎತ್ತರದ ಪ್ಲಾಸ್ಟಿಕ್ ಕ್ರೇಟು ಏಸ್ ಗೋಲ್ಡ್ ನೆಲದ ಮೇಲೆ ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು, ಒಟ್ಟು ಹದಿನಾರು ಹಿಡಿಸುತ್ತದೆ. ಕೋಲಾರದ ಎಪಿಎಂಸಿಯ ರೂಢಿಯಂತೆ ಕ್ರೇಟಿಗೆ 15 ಕಿಲೋ ಟೊಮೆಟೊ ಹಿಡಿದರೆ ಮೂರು ಅಂತಸ್ತಿಗೆ 720 ಕಿಲೋ. ಪೆಟ್ರೋಲ್ ಏಸ್ ಗೋಲ್ಡ್ ಹೊರಬಹುದಾದದ್ದು 750. ಖಾಲಿ ಕ್ರೇಟುಗಳ ತೂಕ ಸೇರಿಸಿದರೆ ಮೂರನೆಯ ಅಂತಸ್ತಿಗೇ ಮಿತಿ ದಾಟಿತು. ಆ ಮೂರು ಅಂತಸ್ತು ನೆಲದಿಂದ ಮೂರಡಿಯೂ ಆಗುವುದಿಲ್ಲ, ಹಗ್ಗ ಬಿಗಿದರೆ ಅಲುಗುವುದೂ ಇಲ್ಲ. ಹಾಗಿದ್ದ ಮೇಲೆ ಎದೆಮಟ್ಟ ಜಾಲರಿ ಯಾರಿಗಾಗಿ? ಆರು ಅಂತಸ್ತಿಗಾಗಿ, ಅಂದರೆ ಎರಡು ಪಟ್ಟು ತೂಕಕ್ಕಾಗಿ. ಅದನ್ನು ಹೊತ್ತ ಗಾಡಿಯ ಅಗಲ ಐದಡಿಯೂ ಇಲ್ಲ. ತೂಕ ಮೇಲಕ್ಕೇರಿದಷ್ಟೂ ತಿರುವಿನಲ್ಲಿ ಗಾಡಿ ಮಗುಚುವ ಭಯ ಹೆಚ್ಚು, ತೂಕವೇ ಹೆಚ್ಚಾದರೆ ಬ್ರೇಕು ಒತ್ತಿ ಗಾಡಿ ನಿಲ್ಲುವ ದೂರವೂ ಹೆಚ್ಚು. ಮೇಲಾಗಿ ಜಾಲರಿಯ ಕಬ್ಬಿಣದ ಭಾರವನ್ನೂ ಆ 750ರಲ್ಲೇ ಕಳೆಯಬೇಕು.

ಜಾಲರಿಯೇ ತಪ್ಪು ಎನ್ನುತ್ತಿಲ್ಲ. ರಾಮನಗರದ ಮಾರುಕಟ್ಟೆಗೆ ಹೋಗುವ ರೇಷ್ಮೆ ಗೂಡು, ಹೂವು, ಒಣಹುಲ್ಲು, ಪ್ಲಾಸ್ಟಿಕ್ ಬಿಂದಿಗೆ ಇವೆಲ್ಲ ಹಗುರ, ಜಾಗ ಮಾತ್ರ ಬೇಡುತ್ತವೆ. ಗೂಡಿಗಂತೂ ಗಾಳಿಯಾಡಲೇಬೇಕು. ಅಲ್ಲಿ ಎತ್ತರದ ಜಾಲರಿ ನ್ಯಾಯವಾದ ಸಾಧನ. ದೋಷವಿರುವುದು ಒಂದೇ ಜಾಲರಿಯನ್ನು ಖಾಯಮ್ಮಾಗಿ ಬೆಸೆದು, ಇಂದು ಹುಲ್ಲು, ನಾಳೆ ಸಿಮೆಂಟು ಹೇರುವುದರಲ್ಲಿ. ದನ ಸಾಗಿಸಲು ಬೊಂಬು ಕಟ್ಟಿದ ಬಾಡಿಯ ಬಗ್ಗೆಯೂ ಒಂದು ಮಾತು: ನಿಯಮದ ಪ್ರಕಾರ ಹಸು ಅಥವಾ ಎಮ್ಮೆಯೊಂದಕ್ಕೆ 2 ಚದರ ಮೀಟರ್ ಜಾಗ ಬೇಕು. ಏಸ್ ಬಾಡಿಯ ಒಟ್ಟು ವಿಸ್ತೀರ್ಣ ಮೂರೂಕಾಲು ಚದರ ಮೀಟರ್. ಬೊಂಬು ಎಷ್ಟೇ ಗಟ್ಟಿಯಿರಲಿ, ಎರಡನೆಯ ಹಸುವಿಗೆ ಜಾಗವಿಲ್ಲ.

ಕಾನೂನು ಈ ಕೈಗೆಲಸವನ್ನು ನೋಡುವ ರೀತಿಯೂ ವಿಚಿತ್ರ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗುವ ಬದಲಾವಣೆಯನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನೆಲದಲ್ಲಿ ನಡೆಯುವುದೇ ಬೇರೆ. ಎಫ್‌ಸಿ, ಅಂದರೆ ಫಿಟ್‌ನೆಸ್ ಪರೀಕ್ಷೆಯ ದಿನ ಜಾಲರಿ ಬಿಚ್ಚಿ ಮನೆಯ ಹಿತ್ತಿಲಲ್ಲಿ ಇಟ್ಟು, ಮರುದಿನ ಮತ್ತೆ ಏರಿಸುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಬಿಚ್ಚಲು ಬರುವಂತೆ ಮಾಡಿಸಿರುವುದೂ ಎಷ್ಟೋ ಕಡೆ ಅದಕ್ಕಾಗಿಯೇ! ಬಿಚ್ಚಲು ಬಾರದಂತೆ ಬೆಸೆದರೆ ತೊಂದರೆ ಇನ್ನೂ ಹೆಚ್ಚು. ಬೆಸುಗೆಯ ಕಾವಿಗೆ ಬಣ್ಣ ಸುಟ್ಟ ಜಾಗದಿಂದಲೇ ತುಕ್ಕು ಹಿಡಿಯುತ್ತದೆ. 2020ರಿಂದ ಬಂದ ಬಿಎಸ್6 ಗಾಡಿಗಳಲ್ಲಿ ಬ್ಯಾಟರಿಯ ವೈರು ಕಳಚದೆ ವೆಲ್ಡಿಂಗ್ ಮಾಡಿದರೆ ಎಲೆಕ್ಟ್ರಾನಿಕ್ ಭಾಗಗಳಿಗೂ ಪೆಟ್ಟು ಬೀಳಬಹುದು. ಚಾಸಿಸ್ಸಿಗೆ ತೂತು ಕೊರೆಯುವ ಮಾತನ್ನಂತೂ ಎತ್ತಲೇಬಾರದು.

ತಪ್ಪೆಲ್ಲ ಚಾಲಕನದೇ ಎಂದು ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಫೋರ್ಡ್ ಕಂಪನಿ 2021ರಲ್ಲಿ ತೋರಿಸಿದ ಮ್ಯಾವರಿಕ್ ಪಿಕಪ್ಪಿನ ಬಾಡಿಯಲ್ಲಿ ಸಾಮಾನ್ಯ ಮರದ ಪಟ್ಟಿ ಇಳಿಬಿಡಲು ತೋಡುಗಳನ್ನು ಅಚ್ಚಿನಲ್ಲೇ ಒತ್ತಿದ್ದಾರೆ. ಹಲಗೆ ಸಿಕ್ಕಿಸಿದರೆ ಅಡ್ಡಗೋಡೆ, ತೆಗೆದರೆ ಬಯಲು. ಮನೆಯಲ್ಲೇ ಏನೇನು ಮಾಡಿಕೊಳ್ಳಬಹುದೆಂದು ತೋರಿಸುವ ಕ್ಯೂಆರ್ ಕೋಡನ್ನೂ ಬಾಡಿಗೇ ಅಂಟಿಸಿದ್ದಾರೆ. ಕೊಂಡವನು ಸುಮ್ಮನಿರುವುದಿಲ್ಲ ಎಂಬುದನ್ನು ತಯಾರಕರೇ ಒಪ್ಪಿ, ಅವನ ಕೈಗೆಲಸಕ್ಕೆ ಸುರಕ್ಷಿತ ಜಾಗ ಮಾಡಿಕೊಟ್ಟ ಕ್ರಮ ಇದು. ದಿನವಿಡೀ ದುಡಿಯುವ ನಮ್ಮ ಗಾಡಿಗಳ ಬಾಡಿಯಲ್ಲಿ ಹೆಚ್ಚೆಂದರೆ ಹಗ್ಗದ ಕೊಕ್ಕೆಗಳಿರುತ್ತವೆ. ಪಕ್ಕದ ತಗಡಿನಲ್ಲಿ ನಾಲ್ಕು ತೋಡು, ಮೂಲೆಗಳಲ್ಲಿ ಪೈಪು ಇಳಿಸುವ ನಾಲ್ಕು ಗುಳಿ, ಒಳಗೋಡೆಯ ಮೇಲೆ ತೂಕದ ಮಿತಿ ಕನ್ನಡದಲ್ಲಿ. ಇಷ್ಟನ್ನು ಕಾರ್ಖಾನೆಯೇ ಮಾಡಿಕೊಟ್ಟರೆ ಬೆಸುಗೆಯ ಅರ್ಧ ಕೆಲಸ ಬೇಡವಾಗುತ್ತದೆ.

ಅದು ಆಗುವವರೆಗೆ, ಜಾಲರಿ ಮಾಡಿಸಲು ಹೊರಟವರು ಮೊದಲು ಆರ್‌ಸಿ ತೆಗೆದು ನೋಡಿ. ಅದರಲ್ಲಿ ಖಾಲಿ ಗಾಡಿಯ ತೂಕ, ಸರಕು ತುಂಬಿದ ಗಾಡಿಯ ತೂಕ ಎರಡೂ ಇರುತ್ತವೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ, ಚಾಲಕನ ತೂಕ, ಮ್ಯಾಟು, ಕಮಾನು, ಜಾಲರಿ ಎಲ್ಲವನ್ನೂ ಅದರಲ್ಲಿ ಕಳೆಯಿರಿ. ಉಳಿದಷ್ಟು ಸರಕಿಗೆ ಎಷ್ಟು ಎತ್ತರ ಬೇಕೋ ಅಷ್ಟನ್ನೇ ವೆಲ್ಡಿಂಗ್‌ನವನಿಗೆ ಹೇಳಿ.